ಜಗಳ ನಿಂತ ಮೇಲೆ: ಒಂದು ದಾಂಪತ್ಯದ ಪ್ರಕರಣ ಅಧ್ಯಯನ

ಇದು ಯಾವುದೋ ಒಂದು ಮನೆಯ ನೇರ ವರದಿಯಲ್ಲ. ಒಂದೇ ಬಗೆಯ ತೊಡಕು ಹೊತ್ತು ಆಪ್ತಸಮಾಲೋಚನೆಗೆ ಬರುವ ದಂಪತಿಗಳ ವಿವರಗಳನ್ನು ಬೆರೆಸಿ, ಊರು, ಉದ್ಯೋಗ, ವಯಸ್ಸು, ಮೊತ್ತ ಎಲ್ಲವನ್ನೂ ಬದಲಿಸಿ ಕಟ್ಟಿದ ಪ್ರಕರಣ. ಇಬ್ಬರಿಗೂ ಹೆಸರು ಕೊಟ್ಟಿಲ್ಲ. ಗಂಡ 'ಆತ', ಹೆಂಡತಿ 'ಆಕೆ'. ಈ ಪ್ರಕರಣವನ್ನು ಆರಿಸಿಕೊಳ್ಳಲು ಕಾರಣವಿದೆ. ನಡುವೆ ಒಂದು ಹಂತದಲ್ಲಿ ಮನೆಯಲ್ಲಿ ಜಗಳ ಪೂರ್ತಿ ನಿಂತಿತ್ತು. ಸುಧಾರಣೆ ಎಂದು ಎಲ್ಲರೂ ಭಾವಿಸಿದ್ದ ಆ ಆರು ವಾರಗಳೇ ಇಡೀ ದಾಂಪತ್ಯದ ಅತ್ಯಂತ ಅಪಾಯದ ಕಾಲವಾಗಿತ್ತು.

ಹಿನ್ನೆಲೆ

ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರ. ಆತನಿಗೆ 41 ವರ್ಷ, ಸಹಕಾರಿ ಸಂಘವೊಂದರಲ್ಲಿ ಲೆಕ್ಕಿಗ. ಆಕೆಗೆ 37, ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ. ಹಿರಿಯರು ನೋಡಿ ಮಾಡಿದ ಮದುವೆ, ಆಗಲೇ 12 ವರ್ಷ. ಮಗಳು ಮೂರನೇ ತರಗತಿ. ಎರಡು ಕೋಣೆಯ ಮನೆಯಲ್ಲಿ ಆತನ ತಾಯಿಯೂ ಇದ್ದಾರೆ, ಅವರಿಗೆ ಬಿಪಿ ಮತ್ತು ಸಕ್ಕರೆ ಕಾಯಿಲೆ. ಆತನ ತಮ್ಮ ಅದೇ ಊರಿನಲ್ಲಿ ಬೇರೆ ಮನೆ ಮಾಡಿಕೊಂಡು ಹಾರ್ಡ್‌ವೇರ್ ಅಂಗಡಿ ನಡೆಸುತ್ತಾನೆ.

ತಮ್ಮನ ಅಂಗಡಿಯ 4 ಲಕ್ಷ ರೂಪಾಯಿ ಸಾಲಕ್ಕೆ ಆತ ಜಾಮೀನು ಹಾಕಿದ್ದ. ಹೆಂಡತಿಗೆ ಹೇಳಿರಲಿಲ್ಲ. ಕಂತು ಕಟ್ಟುವುದು ನಿಂತಾಗ ಬ್ಯಾಂಕಿನ ನೋಟಿಸ್ ರಿಜಿಸ್ಟರ್ ಅಂಚೆಯಲ್ಲಿ ಮನೆಗೆ ಬಂತು. ಸಹಿ ಹಾಕಿ ತೆಗೆದುಕೊಂಡವಳು ಆಕೆ. ಅಂದಿನಿಂದ ಮೂರು ತಿಂಗಳು ಮನೆಯಲ್ಲಿ ಹೆಚ್ಚುಕಡಿಮೆ ದಿನಾ ಮಾತಿಗೆ ಮಾತು. ಆಪ್ತಸಮಾಲೋಚನೆಗೆ ಹೋಗೋಣ ಎಂದವಳೂ ಆಕೆಯೇ. ಆತ ಬಂದದ್ದು, ಆತನದೇ ಮಾತಿನಲ್ಲಿ, "ಬರ್ಲಿಲ್ಲ ಅಂದ್ರೆ ಅದಕ್ಕೊಂದು ಜಗಳ ಆಗುತ್ತೆ ಅಂತ".

ಮೊದಲ ನಾಲ್ಕು ಭೇಟಿ ಬರೀ ಪರಿಶೀಲನೆಗೆ ಮೀಸಲು: ಒಂದು ಇಬ್ಬರಿಗೂ ಒಟ್ಟಿಗೆ, ಒಂದೊಂದು ಪ್ರತ್ಯೇಕವಾಗಿ, ನಾಲ್ಕನೆಯದರಲ್ಲಿ ಕಂಡದ್ದನ್ನು ಇಬ್ಬರ ಮುಂದೆ ಇಡುವುದು. ಅಮೆರಿಕದ ಮನಃಶಾಸ್ತ್ರಜ್ಞರಾದ ಆಂಡ್ರ್ಯೂ ಕ್ರಿಸ್ಟೆನ್ಸನ್ ಮತ್ತು ನೀಲ್ ಜೇಕಬ್ಸನ್ ರೂಪಿಸಿದ ದಂಪತಿ ಚಿಕಿತ್ಸಾ ಪದ್ಧತಿಯ ಕ್ರಮ ಇದು. ಪ್ರತ್ಯೇಕ ಭೇಟಿಗೆ ಎರಡು ಉದ್ದೇಶ. ಒಂದು, ಹೊಡೆತ, ಬೆದರಿಕೆ, ಹಣ ಕಸಿದುಕೊಳ್ಳುವುದು, ಇಷ್ಟವಿಲ್ಲದ ಲೈಂಗಿಕ ಸಂಪರ್ಕ ಇವುಗಳ ಬಗ್ಗೆ ನೇರವಾಗಿ, ಒಂದೊಂದನ್ನೂ ಹೆಸರಿಸಿ ಕೇಳುವುದು. "ಮನೆಯಲ್ಲಿ ಎಲ್ಲ ಸರಿ ಇದೆಯಾ" ಎಂಬ ಪ್ರಶ್ನೆಗೆ ನಿಜವಾದ ಉತ್ತರ ಬರುವುದಿಲ್ಲ. ಹೆದರಿಕೆ ಇರುವ ಕಡೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮನಸ್ಸು ಬಿಚ್ಚಿ ಮಾತಾಡಿ ಎನ್ನುವುದು ಅಪಾಯ. ಇಲ್ಲಿ ಮಾತಾಡಿದ್ದಕ್ಕೆ ಅಲ್ಲಿ ಪೆಟ್ಟು ಬೀಳಬಹುದು. ಈ ಮನೆಯಲ್ಲಿ ಅದು ಇರಲಿಲ್ಲ. ಎರಡು, ಗುಟ್ಟಿನ ನಿಯಮವನ್ನು ಮೊದಲೇ ಹೇಳಿಬಿಡುವುದು. ಪ್ರತ್ಯೇಕವಾಗಿ ಹೇಳಿದ್ದನ್ನು ಸಮಾಲೋಚಕರು ಇನ್ನೊಬ್ಬರಿಗೆ ಹೇಳುವುದಿಲ್ಲ. ಆದರೆ ಒಟ್ಟಿನ ಕೆಲಸಕ್ಕೇ ಅಡ್ಡಬರುವ ವಿಷಯವಾದರೆ ಹೇಳಿದವರೇ ಅದನ್ನು ಜಂಟಿ ಭೇಟಿಯಲ್ಲಿ ತೆಗೆಯಬೇಕು. ಈ ಎರಡನೆಯ ನಿಯಮ ಮುಂದೆ ಕೆಲಸಕ್ಕೆ ಬಂತು.

ಅಳತೆಗೆ ರೊನಾಲ್ಡ್ ರೋಗ್ ಮತ್ತು ಜಾನೆಟ್ ಫಂಕ್ 2007ರಲ್ಲಿ ಪ್ರಕಟಿಸಿದ ದಾಂಪತ್ಯ ತೃಪ್ತಿಯ 16 ಪ್ರಶ್ನೆಗಳ ಪಟ್ಟಿ ಬಳಸಲಾಯಿತು. ಅಂಕ 0ಯಿಂದ 81ರವರೆಗೆ, 51.5ಕ್ಕಿಂತ ಕಡಿಮೆ ಬಂದರೆ ಅತೃಪ್ತಿ ಗಂಭೀರ ಎಂದು ಲೆಕ್ಕ. ಈ ಗಡಿ ಅಮೆರಿಕದ ಜನರ ಉತ್ತರಗಳಿಂದ ಬಂದದ್ದು. ಆದ್ದರಿಂದ ನಮ್ಮಲ್ಲಿ ಗಡಿಗಿಂತ ಅಂಕದ ಏರಿಳಿತ ನೋಡುವುದು ಲೇಸು. ಆರಂಭದಲ್ಲಿ ಆತನಿಗೆ 49, ಆಕೆಗೆ 33.

ಎರಡು ವಿಷಯ, ಹತ್ತು ಹತ್ತು ನಿಮಿಷ

ಇಬ್ಬರ ದೂರು ಕೇಳಿದರೆ ಎಲ್ಲರಿಗೂ ಗೊತ್ತಿರುವ ಚಿತ್ರ. ಆಕೆ: "ಕೇಳಿದ್ದಕ್ಕೆ ಉತ್ತರಾನೇ ಕೊಡಲ್ಲ. ಗೋಡೆ ಹತ್ರ ಮಾತಾಡಿದಂಗೆ." ಆತ: "ಏನು ಹೇಳಿದ್ರೂ ತಪ್ಪು ಹುಡುಕ್ತಾಳೆ. ಅದಕ್ಕೇ ಸುಮ್ನಿರ್ತೀನಿ." ಒಬ್ಬರು ಒತ್ತಾಯಿಸುತ್ತಾರೆ, ಇನ್ನೊಬ್ಬರು ಜಾರಿಕೊಳ್ಳುತ್ತಾರೆ, ಜಾರಿದಷ್ಟೂ ಒತ್ತಾಯ, ಒತ್ತಾಯಿಸಿದಷ್ಟೂ ಜಾರುವಿಕೆ. ದಾಂಪತ್ಯ ಸಂಶೋಧನೆಯಲ್ಲಿ ಇಷ್ಟು ಸಲ ಪರೀಕ್ಷೆಗೆ ಒಳಗಾದ ವಿನ್ಯಾಸ ಇನ್ನೊಂದು ಸಿಗುವುದು ಕಷ್ಟ. ಇದನ್ನು 'ಗಂಡಸರೇ ಹಾಗೆ, ಹೆಂಗಸರೇ ಹೀಗೆ' ಎಂದು ಮುಗಿಸಿಬಿಡುವುದೂ ರೂಢಿ.

ಕ್ರಿಸ್ಟೆನ್ಸನ್ ಮತ್ತು ಕ್ರಿಸ್ಟೋಫರ್ ಹೀವಿ 1990ರಲ್ಲಿ ಈ ರೂಢಿಯನ್ನೇ ಪರೀಕ್ಷಿಸಿದ್ದರು. ಪ್ರತಿ ದಂಪತಿಯಿಂದ ಎರಡು ಚರ್ಚೆ: ಒಂದರಲ್ಲಿ ಹೆಂಡತಿಗೆ ಬೇಕಾದ ಬದಲಾವಣೆ, ಇನ್ನೊಂದರಲ್ಲಿ ಗಂಡನಿಗೆ ಬೇಕಾದದ್ದು. ಹೆಂಡತಿಯ ವಿಷಯ ಬಂದಾಗ ಹೆಂಡತಿ ಒತ್ತಾಯಿಸಿ ಗಂಡ ಜಾರುವುದು ಎದ್ದು ಕಂಡಿತು. ಗಂಡನ ವಿಷಯಕ್ಕೆ ಬಂದಾಗ ಆ ವ್ಯತ್ಯಾಸ ಕಾಣಲಿಲ್ಲ. ಅಂದರೆ ಯಾರಿಗೆ ಬದಲಾವಣೆ ಬೇಕೋ ಅವರು ಒತ್ತುತ್ತಾರೆ, ಇದ್ದಂತೆ ಇದ್ದರೆ ಯಾರಿಗೆ ಅನುಕೂಲವೋ ಅವರು ಜಾರುತ್ತಾರೆ. ಇದರಲ್ಲಿ ಸ್ವಭಾವದ ಜೊತೆಗೆ ಅಧಿಕಾರದ ಪಾಲೂ ಇದೆ.

ಅದೇ ಕ್ರಮ ಇಲ್ಲಿಯೂ. ಮೊದಲ ಹತ್ತು ನಿಮಿಷ ಜಾಮೀನಿನ ವಿಷಯ. ಆಕೆ ಎರಡನೆಯ ನಿಮಿಷಕ್ಕೇ ದನಿ ಎತ್ತಿದಳು. ಆತ ನೆಲ ನೋಡುತ್ತ "ಆಯ್ತು ಬಿಡು" ಎಂದ. ಎರಡನೆಯ ಹತ್ತು ನಿಮಿಷಕ್ಕೆ ಆತನನ್ನೇ ವಿಷಯ ಆರಿಸಲು ಬಿಡಲಾಯಿತು. ಸ್ವಲ್ಪ ಹೊತ್ತು ತಡೆದು ಆತ ತೆಗೆದದ್ದು, ರಾತ್ರಿ ಆಕೆ ಮಗಳ ಕೋಣೆಯಲ್ಲೇ ಮಲಗುವ ವಿಷಯ. ಈಗ ಪಾತ್ರ ಅದಲುಬದಲು. ಆತ ಮೂರು ಸಲ ಅದೇ ಪ್ರಶ್ನೆ ಕೇಳಿದ, ಆಕೆ ಕೈಚೀಲದ ಜಿಪ್ ಎಳೆಯುತ್ತ "ಅವಳಿಗೆ ಒಬ್ಳೇ ಮಲಗೋಕೆ ಭಯ ರೀ" ಎಂದು ಪಕ್ಕಕ್ಕೆ ಸರಿದಳು.

ಈ ಎರಡನೆಯ ಹತ್ತು ನಿಮಿಷವನ್ನು ಬಿಟ್ಟುಬಿಡುವ ಸಮಾಲೋಚಕರೇ ಹೆಚ್ಚು. ಸಮಯವಿಲ್ಲ ಎಂಬ ನೆಪಕ್ಕೆ ಬಿಟ್ಟರೆ ಕಡತದಲ್ಲಿ ಆಕೆ 'ಜಗಳಗಂಟಿ', ಆತ 'ಮೌನಿ' ಎಂದೇ ಉಳಿಯುತ್ತದೆ. ಆಮೇಲೆ ಚಿಕಿತ್ಸೆಯೆಲ್ಲ ಆಕೆಯ ದನಿ ತಗ್ಗಿಸುವುದರ ಸುತ್ತಲೇ ನಡೆಯುತ್ತದೆ. ಈ ಪ್ರಕರಣದಲ್ಲಿ ಪರೀಕ್ಷೆ ಮಾಡಿಯೂ ಮೊದಲ ಹಂತದ ಯೋಜನೆ ಅದೇ ಹಾದಿ ಹಿಡಿಯಿತು.

ಮೊದಲ ಯೋಜನೆ

ಮೊದಲು ಮಾತಿನ ಕೌಶಲ ಕಲಿಸುವುದು, ಜಗಳದ ಕಾವು ಇಳಿದ ಮೇಲೆ ಒಳವಿಷಯಕ್ಕೆ ಹೋಗುವುದು ಎಂದು ತೀರ್ಮಾನವಾಯಿತು. ಮೂರು ಉಪಕರಣ.

ಒಂದನೆಯದು ವಾಕ್ಯದ ಅಚ್ಚು: "ನೀವು ಇಂಥದ್ದು ಮಾಡಿದಾಗ ನನಗೆ ಹೀಗೆ ಅನಿಸುತ್ತದೆ." ಕೇಳಿದವರು ಅದನ್ನೇ ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಎರಡನೆಯದು ವಿರಾಮ: ಕಾವು ಏರಿದರೆ ಯಾರು ಬೇಕಾದರೂ 20 ನಿಮಿಷ ಮಾತು ನಿಲ್ಲಿಸಬಹುದು. ಮೂರನೆಯದು ಜಾಮೀನಿನ ವಿಷಯ ವಾರಕ್ಕೆ ಒಂದೇ ದಿನ, ಭಾನುವಾರ ಸಂಜೆ.

ಅಚ್ಚು ಎರಡೇ ವಾರಕ್ಕೆ ಕೆಟ್ಟಿತು. ಆಕೆ ಗಣಿತದ ಮೇಷ್ಟರು, ವಾಕ್ಯ ಚೊಕ್ಕವಾಗಿ ಬಂತು, ಒಳಗಿನ ಆರೋಪ ಹಾಗೇ ಉಳಿಯಿತು: "ನೀವು ಸುಳ್ಳು ಹೇಳಿದಾಗ ನನಗೆ ನೀವು ಸುಳ್ಳುಗಾರ ಅನಿಸುತ್ತೆ." ಆತ ಅದನ್ನು ಗಿಳಿಪಾಠದಂತೆ ಒಪ್ಪಿಸಿ, ಮುಗಿಯಿತಲ್ಲ ಎಂದು ಎದ್ದು ಹೋಗುತ್ತಿದ್ದ. ಇದು ಈ ಇಬ್ಬರ ದೌರ್ಬಲ್ಯವೇನಲ್ಲ. ಅಮೆರಿಕದ ದಾಂಪತ್ಯ ಸಂಶೋಧಕ ಜಾನ್ ಗಾಟ್‌ಮನ್ ತಂಡ 1998ರಲ್ಲಿ ಪ್ರಕಟಿಸಿದ, ಹೊಸದಾಗಿ ಮದುವೆಯಾದ 130 ಜೋಡಿಗಳ ಅಧ್ಯಯನದಲ್ಲಿ ಸುಖವಾಗಿದ್ದವರೂ ಜಗಳದ ನಡುವೆ ಹೀಗೆ ತಿರುಗಿ ಹೇಳುವ ಆಟ ಆಡುತ್ತಿರಲಿಲ್ಲ. ಯಾರು ಎಷ್ಟು ಆಡಿದರು ಎಂಬುದರಿಂದ ಆ ದಾಂಪತ್ಯ ಮುಂದೇನಾಗುತ್ತದೆ ಎಂದು ಹೇಳಲೂ ಆಗಲಿಲ್ಲ. ಫಲ ಸೂಚಿಸಿದ್ದು ಬೇರೆ ಎರಡು: ಮಾತು ಎಷ್ಟು ಮೆತ್ತಗೆ ಶುರುವಾಯಿತು, ಹೆಂಡತಿಯ ಮಾತನ್ನು ಗಂಡ ಎಷ್ಟರ ಮಟ್ಟಿಗೆ ತನ್ನ ನಿರ್ಧಾರದೊಳಗೆ ಬಿಟ್ಟುಕೊಂಡ. (ಆ ಅಧ್ಯಯನದ ವಿಧಾನಕ್ಕೆ ಕಟುವಾದ ಟೀಕೆಗಳೂ ಬಂದವು. ವಿಚ್ಛೇದನವನ್ನು ಶೇ. 90ಕ್ಕಿಂತ ನಿಖರವಾಗಿ ಮೊದಲೇ ಹೇಳಬಲ್ಲೆವು ಎಂಬ ಜನಪ್ರಿಯ ಮಾತನ್ನಂತೂ ಪೂರ್ತಿ ನಂಬುವಂತಿಲ್ಲ: ಫಲಿತಾಂಶ ಗೊತ್ತಾದ ಮೇಲೆ ಸೂತ್ರ ಹೊಂದಿಸಿದರೆ ನಿಖರತೆ ತಾನಾಗಿ ಏರುತ್ತದೆ.)

ವಿರಾಮ ಇನ್ನೂ ಬೇಗ ಹದಗೆಟ್ಟಿತು. ಆತ ವಿರಾಮ ಕೇಳಿ ಬೈಕ್ ತೆಗೆದುಕೊಂಡು ಹೋದವನು ಹನ್ನೊಂದು ಗಂಟೆಗೆ ಬಂದು ಮಲಗುತ್ತಿದ್ದ. ಹಿಂದಿರುಗುವ ಹೊತ್ತು ಗೊತ್ತುಮಾಡದ ವಿರಾಮ, ಜಾರಿಕೊಳ್ಳುವವರಿಗೆ ಅನುಮತಿ ಚೀಟಿ.

ಐದನೆಯ ವಾರದಿಂದ ಜಗಳ ನಿಂತಿತು. ಭಾನುವಾರದ ಮಾತುಕತೆಗೂ ಆಕೆ "ಏನಿಲ್ಲ, ಸರಿ ಇದೆ" ಎನ್ನತೊಡಗಿದಳು. ಅತ್ತೆಗೆ ಸಮಾಧಾನ. ಆತನಿಗೆ ನೆಮ್ಮದಿ, ಭೇಟಿಗಳ ನಡುವೆ ಅಂತರ ಹೆಚ್ಚಿಸಬಹುದಲ್ಲವೇ ಎಂದು ಆತನೇ ಕೇಳಿದ. ಜಗಳದ ಎಣಿಕೆ ಮಾತ್ರ ನೋಡಿದರೆ ಪ್ರಕರಣ ಮುಗಿದಂತೆ.

ಪಟ್ಟಿ ಮತ್ತೆ ತುಂಬಿಸಿದಾಗ ಆತನ ಅಂಕ 58ಕ್ಕೆ ಏರಿತ್ತು, ಆಕೆಯದು 29ಕ್ಕೆ ಇಳಿದಿತ್ತು.

ತಿರುವು

ಒಂದೇ ಮನೆಯಲ್ಲಿ ಒಬ್ಬರ ತೃಪ್ತಿ ಏರುತ್ತ ಇನ್ನೊಬ್ಬರದು ಇಳಿದರೆ ಅದನ್ನು ಸರಾಸರಿ ಮಾಡಬಾರದು. ಅಂಥ ಹೊತ್ತಿನಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಒತ್ತಾಯಿಸುತ್ತಿದ್ದವರು ಒತ್ತುವುದನ್ನು ಯಾಕೆ ಬಿಟ್ಟರು? ಬೇಕಾದದ್ದು ಸಿಕ್ಕಿ ಬಿಟ್ಟರೋ, ಸಿಗುವ ಆಸೆಯನ್ನೇ ಬಿಟ್ಟರೋ?

ಗಾಟ್‌ಮನ್ ಮತ್ತು ರಾಬರ್ಟ್ ಲೆವೆನ್ಸನ್ 79 ಜೋಡಿಗಳನ್ನು 14 ವರ್ಷ ಹಿಂಬಾಲಿಸಿ 2000ದಲ್ಲಿ ಬರೆದದ್ದು ಇಲ್ಲಿ ನೆರವಿಗೆ ಬರುತ್ತದೆ. ಬೇಗ ಬೇರೆಯಾದವರಲ್ಲಿ ಕಂಡದ್ದು ಕಟುಮಾತು, ತಿರಸ್ಕಾರ. ತಡವಾಗಿ ಬೇರೆಯಾದವರಲ್ಲಿ ಎದ್ದು ಕಂಡದ್ದು ಜಗಳವಲ್ಲ, ನಗು, ಕುತೂಹಲ, ಅಕ್ಕರೆ ಇವುಗಳ ಗೈರು. ಹನ್ನೆರಡು ವರ್ಷದ ಈ ದಾಂಪತ್ಯ ಎರಡನೆಯ ಸಾಲಿಗೆ ಸೇರುತ್ತಿತ್ತು.

ಆಕೆಯೊಂದಿಗೆ ಪ್ರತ್ಯೇಕ ಭೇಟಿ ಇಟ್ಟುಕೊಳ್ಳಲಾಯಿತು. ಆಕೆ ತನ್ನ ತವರಿನ ತಾಲ್ಲೂಕಿಗೆ ವರ್ಗಾವಣೆ ಅರ್ಜಿ ಸಿದ್ಧ ಮಾಡಿಟ್ಟಿದ್ದಳು. ವಕೀಲರ ಬಳಿ ಹೋಗಿರಲಿಲ್ಲ, ಹೋಗುವ ಅಗತ್ಯವೂ ಆಕೆಗೆ ಕಂಡಿರಲಿಲ್ಲ. ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಸ್ಥಳ ಸಿಕ್ಕರೆ ಮಗಳನ್ನು ಕರೆದುಕೊಂಡು ಹೋಗಬಹುದು. ನಾಲ್ಕು ಜನರ ಬಾಯಿಗೆ ಅದು 'ಕೆಲಸದ ಮೇಲೆ ಹೋದಳು' ಎಂದಷ್ಟೇ. ನಮ್ಮ ಕಡೆಯ ಎಷ್ಟೋ ದಾಂಪತ್ಯಗಳು ಹೀಗೆ ಕೋರ್ಟು ಮೆಟ್ಟಿಲು ಹತ್ತದೆಯೇ ಮುಗಿದಿರುತ್ತವೆ, ವಿಚ್ಛೇದನದ ಅಂಕಿಅಂಶಕ್ಕೆ ಅವು ಸಿಗುವುದಿಲ್ಲ.

ಗುಟ್ಟಿನ ನಿಯಮದಂತೆ ಆಕೆಯ ಮುಂದೆ ಎರಡು ದಾರಿ ಇಡಲಾಯಿತು: ಇದನ್ನು ಜಂಟಿ ಭೇಟಿಯಲ್ಲಿ ತಾನೇ ಹೇಳುವುದು, ಅಥವಾ ಜಂಟಿ ಕೆಲಸವನ್ನು ಅಲ್ಲಿಗೇ ನಿಲ್ಲಿಸುವುದು. ಹೋಗಬೇಡ ಎಂದು ಸಮಾಲೋಚಕರು ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಒಂದು ವಾರ ಯೋಚಿಸಿ ಆಕೆ ಹೇಳುವುದನ್ನು ಆರಿಸಿಕೊಂಡಳು.

ಆ ಭೇಟಿಗೆ ಒಂದು ತಯಾರಿ ನಡೆದಿತ್ತು. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಇಬ್ಬರ ಕೈಗೂ ಹಾಕಲಾಯಿತು. ನೋಡಬೇಕಾದದ್ದು ಆಮ್ಲಜನಕವಲ್ಲ, ನಾಡಿಬಡಿತ. ಐದು ನಿಮಿಷ ಸುಮ್ಮನೆ ಕೂತಾಗ ಆತನದು 78, ಆಕೆಯದು 82. ಆಕೆ ವರ್ಗಾವಣೆಯ ಮಾತು ಹೇಳಿ ಮುಗಿಸುವ ಹೊತ್ತಿಗೆ ಆಕೆಯದು 90ರ ಆಸುಪಾಸು. ಆತನ ಮುಖದಲ್ಲಿ ಎಂದಿನ ಹಾಗೆ ಏನೂ ಇಲ್ಲ, ಉಪಕರಣದಲ್ಲಿ 116.

ಆಕೆ ಆ ಸಂಖ್ಯೆ ನೋಡಿ, "ಇವರಿಗೆ ಏನೂ ಅನ್ಸಲ್ಲ ಅಂದ್ಕೊಂಡಿದ್ದೆ" ಎಂದಳು. ಆತ ತುಸು ಹೊತ್ತು ಬಿಟ್ಟು, "ಅಪ್ಪ ಹೋದಾಗಿನಿಂದ ಮನೇಲಿ ಯಾರಾದ್ರೂ ದನಿ ಎತ್ತಿದ್ರೆ ನಂಗೆ ಕೈಕಾಲು ಆಡಲ್ಲ" ಎಂದ. ತಮ್ಮನಿಗೆ ಇಲ್ಲ ಎನ್ನಲಾಗದ್ದೂ ಅಲ್ಲಿಂದಲೇ ಬಂದಿತ್ತು: 19ನೇ ವಯಸ್ಸಿಗೆ ಮನೆಯ ಹಿರಿಯನಾದವನು, ಅವ್ವನ ಕಣ್ಣೀರು ನೋಡಲಾರದೆ ಕೇಳಿದ್ದಕ್ಕೆಲ್ಲ ಸಹಿ ಹಾಕಿಕೊಂಡೇ ಬಂದಿದ್ದ. ಆಕೆಯ ಕಡೆಯದೂ ಹೊರಬಂತು. ಆಕೆಯ ತಂದೆ ಮನೆಗೆ ತಿಳಿಸದೆ ಜಮೀನು ಅಡವಿಟ್ಟು, ಕೊನೆಗೆ ಅದು ಕೈತಪ್ಪಿದ್ದು ಹೆಂಡತಿ ಮಕ್ಕಳಿಗೆ ಊರವರಿಂದ ಗೊತ್ತಾಗಿತ್ತು. ನೋಟಿಸ್ ಬಂದ ದಿನ ಆಕೆಯ ಕೈಯಲ್ಲಿದ್ದದ್ದು ಒಂದು ಸಾಲದ ಕಾಗದವಷ್ಟೇ ಆಗಿರಲಿಲ್ಲ.

ಉಪಕರಣದ ಬಗ್ಗೆ ಎಚ್ಚರದ ಮಾತು. ನಿಮಿಷಕ್ಕೆ 100 ದಾಟಿದರೆ ಕೇಳಿಸಿಕೊಳ್ಳುವ ಶಕ್ತಿ ಕುಂದುತ್ತದೆ ಎಂಬುದು ಪ್ರಯೋಗಾಲಯದಿಂದ ಬಂದ ಅಂದಾಜು, ಕಟ್ಟುನಿಟ್ಟಿನ ಗೆರೆಯಲ್ಲ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರ ಬಡಿತ ಒಳಗೆ ಎಷ್ಟೇ ಕುದಿಯುತ್ತಿದ್ದರೂ ಅಷ್ಟಾಗಿ ಏರುವುದಿಲ್ಲ. ಬೆರಳು ಅಲುಗಾಡಿದರೆ, ಉಗುರುಬಣ್ಣ ಇದ್ದರೆ ಅಂಕಿ ಕೆಡುತ್ತದೆ. ಮುಖ್ಯವಾಗಿ, ಇದನ್ನು ಸುಳ್ಳು ಪತ್ತೆ ಯಂತ್ರದಂತೆ ಮನೆಯಲ್ಲಿ ಬಳಸಲು ಬಿಡಬಾರದು. ಒಂದು ಸಲ, ಒಂದು ಉದ್ದೇಶಕ್ಕೆ: ಮೌನ ಎಂದರೆ ಉದಾಸೀನವೇ ಆಗಬೇಕಿಲ್ಲ ಎಂದು ತೋರಿಸುವುದಕ್ಕೆ.

ಎರಡನೆಯ ಯೋಜನೆ

ಇಲ್ಲಿಂದ ಮುಂದೆ ಕ್ರಮ ತಿರುವುಮುರುವಾಯಿತು. ಕಲಿಸುವುದನ್ನು ಬದಿಗಿಟ್ಟು, ಆ ಒತ್ತಾಯ–ಜಾರುವಿಕೆಯ ಸುತ್ತನ್ನೇ ಇಬ್ಬರೂ ಒಟ್ಟಿಗೆ ನೋಡುವ ವಸ್ತುವಾಗಿಸಲಾಯಿತು. ಹಾಳೆಯ ಮೇಲೆ ಒಂದು ವೃತ್ತ. ಅದರ ಮೇಲೆ ಆಕೆಯ ಮಾತು, ಅದು ಆತನಲ್ಲಿ ಎಬ್ಬಿಸುವ ಹೆದರಿಕೆ, ಆತನ ಮೌನ, ಅದು ಆಕೆಯಲ್ಲಿ ಎಬ್ಬಿಸುವ ಹೆದರಿಕೆ, ಮತ್ತೆ ಆಕೆಯ ಮಾತು. ಇಬ್ಬರೂ ಅದಕ್ಕೆ 'ನೋಟಿಸ್' ಎಂದೇ ಹೆಸರಿಟ್ಟರು. "ಈಗ ನೋಟಿಸ್ ಬಂತು ನೋಡ್ರಿ" ಎಂದರೆ ಸಾಕು, ಯಾರ ತಪ್ಪು ಎಂಬ ಪ್ರಶ್ನೆ ಅಲ್ಲಿಗೆ ನಿಲ್ಲುತ್ತಿತ್ತು, ಎಲ್ಲ ಸಲ ಅಲ್ಲ.

ಒಳಗಿನ ನೋವು ಗೊತ್ತಾಯಿತೆಂದು ಸಾಲ ಕರಗುವುದಿಲ್ಲ. ಮೃದು ಮಾತಿನಲ್ಲೇ ಎಲ್ಲ ಮುಗಿಸುವ ಸಮಾಲೋಚನೆ ಎಡವುವುದು ಇಲ್ಲೇ. 1872ರ ಭಾರತೀಯ ಒಪ್ಪಂದ ಕಾಯ್ದೆಯ 128ನೇ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ಸಾಲಗಾರನ ಹೊಣೆಯಷ್ಟೇ. 'ನಾನು ಬರೀ ಸಹಿ ಹಾಕಿದ್ದು' ಎಂಬ ಆತನ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಆಕೆಯ ಆತಂಕ ಅತಿಯಾದದ್ದೂ ಆಗಿರಲಿಲ್ಲ. ಹಾಗಾಗಿ ಕಾಗದದ ಮೇಲೆ ಮೂರು ಒಪ್ಪಂದಗಳಾದವು. 10,000 ರೂಪಾಯಿ ಮೀರಿದ ಕೈಸಾಲ ಅಥವಾ ಯಾವುದೇ ಮೊತ್ತದ ಜಾಮೀನು ಸಹಿಗೆ ಇಬ್ಬರ ಒಪ್ಪಿಗೆ ಬೇಕು. ಒಬ್ಬರು ಬೇಡ ಎಂದರೆ ಬೇಡ. ಪ್ರತಿ ತಿಂಗಳ ಮೊದಲ ಭಾನುವಾರ ಇಬ್ಬರ ಪಾಸ್‌ಬುಕ್ ಒಟ್ಟಿಗೆ ನೋಡುವುದು. ತಮ್ಮನೊಂದಿಗೆ ಕಂತಿನ ಮಾತು ಆತನೇ ಆಡಬೇಕು, ಆಕೆಯ ಹೆಸರು ಎಳೆಯದೆ. 'ನಿಮ್ಮ ಅತ್ತಿಗೆ ಒಪ್ಪಲ್ಲ' ಎನ್ನುವಂತಿಲ್ಲ, 'ನಾವು ಒಪ್ಪಲ್ಲ' ಎನ್ನಬೇಕು.

ತಾಯಿಯನ್ನು ಭೇಟಿಗೆ ಕರೆಸಬೇಕೇ ಎಂಬುದು ದೊಡ್ಡ ಚರ್ಚೆಯಾಯಿತು. ಕೂಡು ಕುಟುಂಬದಲ್ಲಿ ಹಿರಿಯರನ್ನು ಹೊರಗಿಟ್ಟು ಏನೂ ನಡೆಯದು ಎಂಬುದು ನಿಜ. ಆದರೆ ಗಂಡ ಹೆಂಡತಿಯ ನಿಲುವು ಒಂದಾಗುವ ಮೊದಲೇ ಕರೆಸಿದರೆ ಆತ ಅವ್ವ ಮತ್ತು ಹೆಂಡತಿಯ ನಡುವೆ ಮತ್ತೆ ಮೌನಕ್ಕೇ ಇಳಿಯುತ್ತಿದ್ದ. ಕರೆಸಲಿಲ್ಲ. ಬದಲಿಗೆ ಆತನೇ ಮನೆಯಲ್ಲಿ ಅವ್ವನಿಗೆ ಹೇಳಿದ. ಅವರು ಎರಡು ದಿನ ಊಟ ಬಿಟ್ಟರು. ಆ ಎರಡು ದಿನಕ್ಕೆ ಏನು ಮಾಡಬೇಕು ಎಂದು ಮೊದಲೇ ಮಾತಾಗಿತ್ತು: ತಟ್ಟೆ ಹಾಕಿ ಕೊಡುವವನು, ಪಕ್ಕದಲ್ಲಿ ಕೂರುವವನು ಆತನೇ; ಮಾತು ಹಿಂತೆಗೆದುಕೊಳ್ಳುವುದಿಲ್ಲ.

ಆಗಲೇ ಇನ್ನೊಂದು ಸಂಗತಿ ಹೊರಬಿತ್ತು. ಅತ್ತೆಯ ಮಾತ್ರೆ ಮುಗಿಯುವ ದಿನ, ಸಕ್ಕರೆ ಪರೀಕ್ಷೆಯ ತಾರೀಕು, ಕಣ್ಣಿನ ತಪಾಸಣೆ ಇದೆಲ್ಲ ನೆನಪಿಡುತ್ತಿದ್ದವಳು 12 ವರ್ಷದಿಂದ ಆಕೆಯೇ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ ಗಂಡಸರು 97 ನಿಮಿಷ. ನೆನಪಿಡುವ ಕೆಲಸ ಆ ನಿಮಿಷಗಳ ಲೆಕ್ಕಕ್ಕೂ ಬರುವುದಿಲ್ಲ. ಅವ್ವನ ಔಷಧಿ, ಆಸ್ಪತ್ರೆ ಪೂರ್ತಿ ಆತನಿಗೆ ವರ್ಗವಾಯಿತು. 'ಸಹಾಯ ಮಾಡುವುದು' ಬೇರೆ. ಮರೆತರೆ ತಾನೇ ಹೊಣೆ ಎಂದಾಗಲೇ ವರ್ಗ. ಮೊದಲ ತಿಂಗಳು ಒಮ್ಮೆ ಮಾತ್ರೆ ಮುಗಿದೇ ಹೋಯಿತು. ಆಕೆ ಹಲ್ಲು ಕಚ್ಚಿ ಸುಮ್ಮನಿದ್ದಳು, ಆತ ರಾತ್ರಿ ಎಂಟಕ್ಕೆ ಔಷಧಿ ಅಂಗಡಿ ಹುಡುಕಿಕೊಂಡು ಹೋದ.

ವಿರಾಮವನ್ನು ತಿದ್ದಲಾಯಿತು. ಕೇಳುವವರು ಮರಳುವ ಹೊತ್ತನ್ನು ಹೇಳಿಯೇ ಏಳಬೇಕು: ಕನಿಷ್ಠ 20 ನಿಮಿಷ, ಗರಿಷ್ಠ ಮರುದಿನ ಅದೇ ಹೊತ್ತು. ಮರಳಿ ಮಾತು ತೆಗೆಯುವ ಹೊಣೆ ವಿರಾಮ ಕೇಳಿದವರದೇ. ಆ ಹೊತ್ತಿನಲ್ಲಿ ಮನಸ್ಸಿನೊಳಗೆ ವಾದ ಹೂಡುತ್ತಿದ್ದರೆ ಬಡಿತ ಇಳಿಯುವುದಿಲ್ಲ. ಪಾತ್ರೆ ತೊಳೆಯುವುದೋ ಗಿಡಕ್ಕೆ ನೀರು ಹಾಕುವುದೋ ಏನಾದರೂ ಕೈಗೆ ಕೆಲಸ ಬೇಕು. ಜಾಗವೂ ಗೊತ್ತಾಯಿತು: ರಾತ್ರಿ ಒಂಬತ್ತೂವರೆ ಮೇಲೆ ತಾರಸಿ. ಹಾಲ್‌ನಲ್ಲಿ ಅತ್ತೆ, ಕೋಣೆಯಲ್ಲಿ ಮಗಳು ಇರುವ ಮನೆಯಲ್ಲಿ 'ಮನಸ್ಸು ಬಿಚ್ಚಿ ಮಾತಾಡಿ' ಎನ್ನುವ ಮೊದಲು ಎಲ್ಲಿ ಎಂದು ಕೇಳಬೇಕು.

ಇಷ್ಟಾದರೂ ಇದೆಲ್ಲ ಕೆಟ್ಟದ್ದನ್ನು ತಗ್ಗಿಸುವ ಕೆಲಸ. ಆಕೆಯ 29 ಅಂಕದ ಹಿಂದೆ ಇದ್ದದ್ದು ಒಳ್ಳೆಯದರ ಕೊರತೆ. ಅದಕ್ಕೆ ಶೆಲ್ಲಿ ಗೇಬಲ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಕೆಲಸವನ್ನು ಆಧಾರವಾಗಿಟ್ಟುಕೊಳ್ಳಲಾಯಿತು. ಒಬ್ಬರು ಸಂತೋಷದ ಸುದ್ದಿ ತಂದಾಗ ಇನ್ನೊಬ್ಬರು ನಾಲ್ಕು ಬಗೆಯಲ್ಲಿ ಸ್ಪಂದಿಸಬಹುದು: ಉತ್ಸಾಹದಿಂದ ಕೇಳಿ ಸುದ್ದಿಯನ್ನು ಬೆಳೆಸುವುದು, ತಣ್ಣಗೆ ಹೂಂಗುಟ್ಟುವುದು, ಕೊಂಕು ತೆಗೆಯುವುದು, ಕೇಳಿಸದಂತೆ ವಿಷಯ ಬದಲಿಸುವುದು. ಸಂಬಂಧದ ತೃಪ್ತಿಯೊಂದಿಗೆ ಜೊತೆಯಾಗಿ ಕಂಡದ್ದು ಮೊದಲನೆಯದು ಮಾತ್ರ. ತಣ್ಣಗಿನ ಹೂಂಗುಟ್ಟುವಿಕೆಯೂ ನಷ್ಟದ ಬಾಬತ್ತೇ.

ಹಿಂದಿನ ವರ್ಷ ಆಕೆಯ ಶಾಲೆಯಲ್ಲಿ ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಎಲ್ಲ ಮಕ್ಕಳೂ ಪಾಸಾಗಿದ್ದರು. ಅಂದು ಆತ ಹೇಳಿದ್ದು, "ಹೌದಾ, ಊಟ ಆಯ್ತಾ?" ಆತನಿಗೆ ಅದು ನೆನಪೇ ಇರಲಿಲ್ಲ. ಆಕೆಗೆ ದಿನ, ಹೊತ್ತು, ಉಟ್ಟಿದ್ದ ಸೀರೆ ಎಲ್ಲ ನೆನಪಿತ್ತು. ಅಭ್ಯಾಸ ಸಣ್ಣದು: ದಿನಕ್ಕೆ 15 ನಿಮಿಷ, ಸಾಲ, ಅವ್ವ, ಮಗಳ ಓದು ಬಿಟ್ಟು ಬೇರೆ ಮಾತು, ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಕನಿಷ್ಠ ಎರಡು ಪ್ರಶ್ನೆ ಕೇಳಬೇಕು, ಸಲಹೆ ಕೊಡಬಾರದು. ಮೊದಲ ವಾರ ಆತನ ಪ್ರಶ್ನೆಗಳು ಲೆಕ್ಕಪರಿಶೋಧನೆಯಂತಿದ್ದವು: "ಎಷ್ಟು ಮಕ್ಕಳು? ಎಷ್ಟು ಪರ್ಸೆಂಟ್?" ಮೂರನೆಯ ವಾರಕ್ಕೆ, "ಆ ಹಿಂದಿನ ಬೆಂಚಿನ ಹುಡುಗ ಏನಾದ?" ಎಂದ. ಆಕೆ ಮೊದಲ ಸಲ ನಕ್ಕದ್ದನ್ನು ಭೇಟಿಯಲ್ಲಿ ವರದಿ ಮಾಡಿದವನು ಆತನೇ.

ಮಲಗುವ ಕೋಣೆಯ ವಿಷಯವನ್ನು ಬೇಕೆಂದೇ ಕೊನೆಗೆ ಇಡಲಾಗಿತ್ತು. ಅದು ಆತನ ಬೇಡಿಕೆ, ಆಕೆ ಜಾರುತ್ತಿದ್ದ ಜಾಗ. ಅದನ್ನು ಮೊದಲೇ ತೆಗೆದಿದ್ದರೆ ಜಾಮೀನಿಗೆ ಪ್ರತಿಯಾಗಿ ಕೇಳುವ ಬಾಡಿಗೆಯಂತೆ ಆಗುತ್ತಿತ್ತು. ಐದನೆಯ ತಿಂಗಳಲ್ಲಿ ಆಕೆಯೇ ಆ ಮಾತು ಎತ್ತಿದಳು. ಮಗಳಿಗೆ ಅಜ್ಜಿಯ ಪಕ್ಕ ಮಂಚ ಹಾಕಲಾಯಿತು.

ಏನಾಯಿತು, ಏನು ತಿಳಿಯಿತು

ಒಂಬತ್ತು ತಿಂಗಳ ಕೊನೆಗೆ ಆತನ ಅಂಕ 55, ಆಕೆಯದು 48. ಆತನದು ನಡುವಿನ 58ಕ್ಕಿಂತ ಕಡಿಮೆ. ಅದು ಹಿನ್ನಡೆಯಲ್ಲ, ಆ 58ರಲ್ಲಿ ಆಕೆಯ ಮೌನ ತಂದ ಸುಖ ಸೇರಿತ್ತು. ವಾರಕ್ಕೆ ಒಂದೆರಡು ಸಲ ಜಗಳ ಆಗುತ್ತಿತ್ತು. ಐದನೆಯ ವಾರದ ಸೊನ್ನೆ ಜಗಳಕ್ಕಿಂತ ಇದು ಎಷ್ಟೋ ಆರೋಗ್ಯಕರ.

ಇಂಥ ಪ್ರಕರಣ ಹಿಡಿಯುವವರಿಗೆ ಉಪಯೋಗಕ್ಕೆ ಬರುವುದು ಮೂರು ನಾಲ್ಕು ತೀರ್ಮಾನಗಳು. ಇಬ್ಬರ ಅಂಕವನ್ನೂ ಬೇರೆಬೇರೆಯಾಗಿ, ನಾಲ್ಕರಿಂದ ಆರು ವಾರಕ್ಕೊಮ್ಮೆ ಬರೆಸಿಕೊಳ್ಳಬೇಕು. ಇಲ್ಲಿ ಅದೊಂದು ಹಾಳೆ ಇಲ್ಲದಿದ್ದರೆ ವರ್ಗಾವಣೆಯ ಸುದ್ದಿ ಆದೇಶ ಬಂದ ಮೇಲೆ ತಿಳಿಯುತ್ತಿತ್ತು. ಕೌಶಲ ಕಲಿಸುವುದು ಕೆಟ್ಟದ್ದಲ್ಲ, ಆದರೆ ಸುತ್ತು ಅರ್ಥವಾಗುವ ಮೊದಲು ಕಲಿಸಿದರೆ ಕೌಶಲವೂ ಸುತ್ತಿನೊಳಗೇ ಸೇರಿಕೊಳ್ಳುತ್ತದೆ: ಆಕೆಯ ಕೈಗೆ ಚೊಕ್ಕ ಆರೋಪ ಸಿಕ್ಕಿತು, ಆತನ ಕೈಗೆ ಅಧಿಕೃತ ಬಾಗಿಲು. ಇನ್ನು, ಜಾರಿಕೊಳ್ಳುವವರ ಹೆದರಿಕೆಗೆ ಮರುಕಪಡುವ ಭರದಲ್ಲಿ ಅಡಗಿಸಿಟ್ಟ ಸಹಿಯ ತಪ್ಪನ್ನು ತೇಲಿಸಬಾರದು. ಆಕೆ ಉಳಿಯುವ ಯೋಚನೆ ಮಾಡಿದ್ದು 116 ನೋಡಿದ ದಿನವಲ್ಲ, ಆತ ತಮ್ಮನಿಗೆ 'ನಾವು ಒಪ್ಪಲ್ಲ' ಎಂದ ದಿನ.

ನಿರೀಕ್ಷೆಯೂ ಅಳತೆಯಲ್ಲಿರಬೇಕು. ಕ್ರಿಸ್ಟೆನ್ಸನ್ ತಂಡ ಲಾಸ್ ಏಂಜಲಿಸ್ ಮತ್ತು ಸಿಯಾಟಲ್‌ನಲ್ಲಿ, ದೀರ್ಘಕಾಲದಿಂದ ನೊಂದಿದ್ದ 134 ಜೋಡಿಗಳಿಗೆ ಗರಿಷ್ಠ 26 ಭೇಟಿಗಳ ಚಿಕಿತ್ಸೆ ಕೊಟ್ಟು ಐದು ವರ್ಷ ಹಿಂಬಾಲಿಸಿತು. ಐದನೆಯ ವರ್ಷಕ್ಕೆ ಗಣನೀಯವಾಗಿ ಸುಧಾರಿಸಿದ್ದವರು ಸುಮಾರು ಅರ್ಧ. ಬೇರೆಯಾದವರು ನಾಲ್ಕರಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು. ಒಳ್ಳೆಯ ತರಬೇತಿ ಪಡೆದವರ ಕೈಯಲ್ಲಿ ಸಿಕ್ಕ ಫಲ ಅದು.

ಮುಂದೆಯೂ ಸುಧಾರಣೆ ಕಾಪಾಡಿಕೊಳ್ಳಲೆಂದು ಎಲಿ ಫಿಂಕೆಲ್ ಮತ್ತು ಸಂಗಡಿಗರು 2013ರಲ್ಲಿ 120 ಜೋಡಿಗಳ ಮೇಲೆ ಪರೀಕ್ಷಿಸಿದ ಬರವಣಿಗೆಯನ್ನು ಕೊಡಲಾಯಿತು. ನಾಲ್ಕು ತಿಂಗಳಿಗೊಮ್ಮೆ ಏಳೇ ನಿಮಿಷ: ಇಬ್ಬರ ಒಳಿತನ್ನೂ ಬಯಸುವ ಹೊರಗಿನವರೊಬ್ಬರು ನಮ್ಮ ಈಚಿನ ಜಗಳವನ್ನು ಹೇಗೆ ನೋಡುತ್ತಾರೆ, ಹಾಗೆ ನೋಡಲು ನನಗೆ ಅಡ್ಡಿ ಯಾವುದು, ಮುಂದಿನ ಸಲ ಆ ಅಡ್ಡಿ ದಾಟುವುದು ಹೇಗೆ. ಹಾಗೆ ಬರೆದವರಲ್ಲಿ ದಾಂಪತ್ಯದ ಗುಣಮಟ್ಟ ವರ್ಷದಿಂದ ವರ್ಷಕ್ಕೆ ಇಳಿಯುವುದು ತಡೆಯಿತು. ಮಂತ್ರವಲ್ಲ, ಇಳಿಜಾರಿಗೆ ತಡೆ ಅಷ್ಟೇ.

ಆರು ತಿಂಗಳ ಬಳಿಕದ ಭೇಟಿಯಲ್ಲಿ ತಿಳಿದದ್ದು: ದೀಪಾವಳಿಗೆ ತಮ್ಮ ಬಂದಾಗ ಅಂಗಡಿಗೆ ಇನ್ನೊಂದು ಸಾಲದ ಮಾತು ತೆಗೆದಿದ್ದಾನೆ. ಆತ ಅಲ್ಲಿ ಸುಮ್ಮನಿದ್ದ. ಆಕೆ ಮೂರು ರಾತ್ರಿ ಮತ್ತೆ ಮಗಳ ಬಳಿ ಮಲಗಿದಳು. ನಾಲ್ಕನೆಯ ರಾತ್ರಿ ಆತ ತಾರಸಿಗೆ ಕರೆದು, ನಾಳೆ ತಮ್ಮನಿಗೆ ಏನು ಹೇಳುವುದು ಎಂದು ಮೊದಲು ಆಕೆಯನ್ನೇ ಕೇಳಿದ. ಮರುದಿನ ಹೋಗಿ ಹೇಳಿ ಬಂದ. ಹಳೆಯ ಸಾಲದಲ್ಲಿ ಇನ್ನೂ ಒಂದೂವರೆ ಲಕ್ಷ ಬಾಕಿ, ಕಂತು ತಮ್ಮನೇ ಕಟ್ಟುತ್ತಿದ್ದಾನೆ. ವರ್ಗಾವಣೆ ಅರ್ಜಿಯನ್ನು ಆಕೆ ಆ ವರ್ಷ ಹಾಕಲಿಲ್ಲ. ಮುಂದಿನ ವರ್ಷ ಹಾಕುವುದಿಲ್ಲ ಎಂದು ಹೇಳಿಲ್ಲ. ಆತ ಕೇಳಿಯೂ ಇಲ್ಲ. ಅದನ್ನು ಕೇಳಬಹುದೇ ಎಂಬುದೇ ಮುಂದಿನ ಭೇಟಿಯ ವಿಷಯವೆಂದು ಬರೆದುಕೊಳ್ಳಲಾಗಿದೆ.